ಒಂಬತ್ತು ಜನರನ್ನು ಕೈಬಿಟ್ಟ ನನ್ನ ಫಂಕ್ಷನ್

ನಾನು ಯಾರನ್ನೂ ಕೊಂದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ನೆಮ್ಮದಿಯಾಗಿ ಓದಬಹುದು. ನನಗೂ ಬರೆಯುವುದು ಸ್ವಲ್ಪ ಸುಲಭವಾದೀತು.

ಬಸವನಗುಡಿಯ ಒಂದು ಹಳೆಯ ಬಂಗಲೆಯ ಮಹಡಿಯ ಮೇಲೆ ನಮ್ಮ ಕಚೇರಿ ಇತ್ತು. ಆಸ್ಪತ್ರೆಗಳು ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಬರುವ ಅಂಕಿಅಂಶಗಳನ್ನು ವಿಶ್ಲೇಷಿಸಿ, ಔಷಧಿ ಕೆಲಸ ಮಾಡುತ್ತಿದೆಯೇ, ಯಾರಿಗಾದರೂ ತೊಂದರೆಯಾಗುತ್ತಿದೆಯೇ ಎಂದು ಹೇಳುವುದು ನಮ್ಮ ಕೆಲಸ. ನಾನು ಅಲ್ಲಿ ಸಂಖ್ಯಾಶಾಸ್ತ್ರಜ್ಞೆ. ಮನೆಯವರು ಇದನ್ನು ಕಂಪ್ಯೂಟರ್ ಕೆಲಸ ಎನ್ನುತ್ತಿದ್ದರು, ನೆಂಟರು ಆಸ್ಪತ್ರೆ ಕೆಲಸ ಎನ್ನುತ್ತಿದ್ದರು. ಮದುವೆಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ ಪಕ್ಕದವರು ಡಾಕ್ಟರೆಂದುಕೊಂಡು ನನಗೆ ನಾಲಿಗೆ ತೋರಿಸಿದ್ದುಂಟು.

ಈ ವರ್ಷ ಅದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, "ಮೇಡಂ, ನಾವು ಏನೇನು ಓದ್ಕೋಬೇಕು ಹೇಳಿ" ಎಂದು ಕೇಳಿದರು. ಓದಿಕೊಳ್ಳಬೇಕಾದದ್ದು ಪುಸ್ತಕದಲ್ಲಿದೆ. ನಾನು ಅವರಿಗೆ ಎರಡು ಗಂಟೆ ಹೇಳಿದ್ದು ಪುಸ್ತಕದಲ್ಲಿಲ್ಲದ್ದನ್ನು. ಅವರು ಹೋದ ಮೇಲೆ, ಇದನ್ನು ಬರೆದೇ ಇಡಬೇಕು ಅನ್ನಿಸಿತು.

ಮೊದಲು ನಮ್ಮ ಮೇಲಧಿಕಾರಿಯ ವಿಷಯ. ಅನಂತಸ್ವಾಮಿ ಸರ್ ಕಂಪ್ಯೂಟರಿನ ಪರದೆಯನ್ನು ನಂಬುತ್ತಿರಲಿಲ್ಲ. ನಾವು ಬರೆದ ಪ್ರೋಗ್ರಾಮನ್ನು ಕಾಗದದ ಮೇಲೆ ಮುದ್ರಿಸಿ ಅವರ ಮುಂದಿಡಬೇಕು. ಅವರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತ ಓದುವರು. ಎಲ್ಲಾದರೂ ಒಂದು ಅಂಕಿ ಸುಮ್ಮನೆ ಕೂತಿರುವುದು ಕಂಡರೆ ಸಾಕು, "ಏನಮ್ಮಾ ಸುಧಾ, ಇದು ಯಾರ ಮಾತು? ಡಾಕ್ಟರ್ ಹೇಳಿದ್ದೋ, ನೀನು ಹೇಳಿದ್ದೋ, ಇಲ್ಲ ತಾನಾಗೇ ಹುಟ್ಕೊಂಡಿದ್ದೋ?" ಎನ್ನುವರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ತಾನಾಗೇ ಹುಟ್ಟಿಕೊಂಡದ್ದು ಎಂದರೆ ಡೀಫಾಲ್ಟ್. ಫಂಕ್ಷನ್ನು ಎಂದರೆ ಒಂದು ಕೆಲಸವನ್ನು ಮಾಡಿಕೊಡುವ ಪುಟ್ಟ ಪ್ರೋಗ್ರಾಂ. ಅದಕ್ಕೆ ನೀವು ಹತ್ತು ವಿಷಯ ಹೇಳಬೇಕು. ಆದರೆ ಎಲ್ಲವನ್ನೂ ಹೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹೇಳದೆ ಬಿಟ್ಟದ್ದನ್ನು ಫಂಕ್ಷನ್ನು ತಾನೇ ಏನೋ ಒಂದು ಅಂದುಕೊಂಡು ಮುಂದೆ ಹೋಗುತ್ತದೆ. ಹಾಗೆ ಅಂದುಕೊಳ್ಳುವುದೇ ಡೀಫಾಲ್ಟ್. ಇನ್ನು ರ‍್ಯಾಪರ್ ಎಂದರೆ, ಒಳಗಿರುವ ದೊಡ್ಡ ಫಂಕ್ಷನ್ನಿನ ಮೇಲೆ ನಾವು ನಮ್ಮ ಅನುಕೂಲಕ್ಕೆ ಹೊದಿಸುವ ಇನ್ನೊಂದು ಸಣ್ಣ ಫಂಕ್ಷನ್ನು. ನಾವು ಹೊರಗಿನದಕ್ಕೆ ಹೇಳುತ್ತೇವೆ, ಅದು ಒಳಗಿನದಕ್ಕೆ ಹೇಳುತ್ತದೆ. ಒಳಗಿನದಕ್ಕೂ ಡೀಫಾಲ್ಟ್ ಇರುತ್ತದೆ, ಹೊರಗಿನದಕ್ಕೂ ಇರಬಹುದು. ತಾಪತ್ರಯವೆಲ್ಲ ಇಲ್ಲಿಯೇ.

ಇದನ್ನು ನಮಗೆ ಅರ್ಥ ಮಾಡಿಸಿದ್ದು ಲಕ್ಷ್ಮಮ್ಮ. ಅವರು ನಮ್ಮ ಕಚೇರಿಯ ಅಟೆಂಡರ್. ದಿನವೂ ಹನ್ನೊಂದು ಗಂಟೆಗೆ ಫ್ಲಾಸ್ಕು ಹಿಡಿದು ಬೀದಿಯ ಕೊನೆಯ ಹೋಟೆಲಿನಿಂದ ಕಾಫಿ ತರುತ್ತಿದ್ದರು. ಅನಂತಸ್ವಾಮಿ ಸರ್‌ಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಆದರೆ ಯಾರಿಗೂ, ಮುಖ್ಯವಾಗಿ ಹೆಂಡತಿಗೆ, ಅದು ತಿಳಿಯಬಾರದು. ಹಾಗಾಗಿ ಅವರು ಲಕ್ಷ್ಮಮ್ಮನಿಗೂ ಹೇಳದೆ, ನೇರವಾಗಿ ಹೋಟೆಲಿನ ಯಜಮಾನರ ಹತ್ತಿರ ಹೋಗಿ ಮಾತಾಡಿದರು. "ಸಾರ್, ನೀವು ಬಿಡಿ, ಈಗ ಎಲ್ರಿಗೂ ಶುಗರ್ರೇ. ಕೇಳಿದ್ರೆ ಮಾತ್ರ ಸಕ್ಕರೆ ಹಾಕೋದು ಅಂತ ರೂಲ್ ಮಾಡ್ಬಿಟ್ಟಿದೀನಿ" ಎಂದರು ಅವರು. ಸರ್ ನಿಶ್ಚಿಂತೆಯಿಂದ ಒಂದು ತಿಂಗಳು ಕಾಫಿ ಕುಡಿದರು. ರಕ್ತದ ಸಕ್ಕರೆ ಮಾತ್ರ ಇಳಿಯಲಿಲ್ಲ. ಒಂದು ದಿನ ಸಂಶಯ ಬಂದು ಲಕ್ಷ್ಮಮ್ಮನ ಹಿಂದೆಯೇ ಹೋಗಿ ಕಂಬದ ಮರೆಯಲ್ಲಿ ನಿಂತರು.

"ಆರು ಕಾಫಿ ಹಾಕಪ್ಪ, ಸಕ್ಕರೆ ಮುಂದಾಗಿ ಇರ್ಲಿ" ಅಂದರು ಲಕ್ಷ್ಮಮ್ಮ.

"ಸಕ್ಕರೆ ಹಾಕು ಅಂತ ಯಾರ‍್ರೀ ಹೇಳಿದ್ದು ನಿಮಗೆ?" ಎಂದು ಸರ್ ಹಿಂದಿನಿಂದ ಗುಡುಗಿದರು.

"ಯಾರೂ ಹೇಳಿಲ್ಲ ಸಾ. ಮೊದ್ಲಿಂದ ಹಂಗೇ ಅಲ್ವಾ? ಅವ್ನೆಲ್ಲಿ ಮರ‍್ತುಬಿಡ್ತಾನೋ ಅಂತ ನಾನೇ ಬಾಯ್ಬಿಟ್ಟು ಹೇಳ್ತೀನಿ."

ಸರ್ ಮೆಟ್ಟಿಲು ಹತ್ತಿ ಬಂದು, ಉಸಿರು ಬಿಡುತ್ತ, ಬೋರ್ಡಿನ ಮೇಲೆ ಹೋಟೆಲಿನ ಚಿತ್ರ ಬರೆದರು. ಅಡುಗೆಮನೆ ಒಳಗಿನ ಫಂಕ್ಷನ್ನು. ಲಕ್ಷ್ಮಮ್ಮ ರ‍್ಯಾಪರ್. ಅಡುಗೆಮನೆ ತನ್ನ ಪದ್ಧತಿ ಬದಲಾಯಿಸಿದೆ. ಆದರೆ ಲಕ್ಷ್ಮಮ್ಮ ಹಳೆಯ ಪದ್ಧತಿಯನ್ನು ತನ್ನ ಮಾತಾಗಿ ಮಾಡಿಕೊಂಡು ಪ್ರತಿ ಸಲ ಹೇಳುತ್ತಿರುವುದರಿಂದ ಬದಲಾವಣೆ ನಮ್ಮ ಲೋಟದವರೆಗೆ ಬರುವುದೇ ಇಲ್ಲ. "ಒಳಗಿನೋರ ಡೀಫಾಲ್ಟನ್ನ ಹೊರಗಡೆ ಕಾಪಿ ಮಾಡ್ಬೇಡಿ. ನಿಮಗೆ ಯಾರೂ ಏನೂ ಹೇಳ್ದಿದ್ರೆ ನೀವೂ ಒಳಗೆ ಏನೂ ಹೇಳ್ಬೇಡಿ" ಎಂದರು. ನಾವೆಲ್ಲ ತಲೆಯಾಡಿಸಿದೆವು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದು ನಾನು.

ನನ್ನ ಸಹೋದ್ಯೋಗಿ ಮಂಜೇಗೌಡನಿಗೂ ಈ ವಿಷಯದಲ್ಲಿ ಒಂದು ಕೀರ್ತಿ ಇದೆ. ಮಾಗಡಿ ಕಡೆಯ ಒಕ್ಕಲುತನದ ಮನೆಯಿಂದ ಬಂದವನು. ಕಚೇರಿಯಲ್ಲಿ ಅವನಷ್ಟು ಚುರುಕಾಗಿ ಪ್ರೋಗ್ರಾಂ ಬರೆಯುವವರು ಇರಲಿಲ್ಲ. ಗ್ರಾಫ್ ಬಿಡಿಸುವ ಒಂದು ರ‍್ಯಾಪರ್ ಬರೆದ. ಶೀರ್ಷಿಕೆ ಕೊಡದಿದ್ದರೆ ಏನು ಬರಬೇಕು ಎನ್ನುವ ಜಾಗದಲ್ಲಿ, ಆಮೇಲೆ ಬದಲಾಯಿಸಿದರಾಯಿತು ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ "ಸುಮ್ನೆ" ಎಂದು ಹಾಕಿದ. ಆಮೇಲೆ ಎನ್ನುವುದು ಬರಲಿಲ್ಲ. ದೆಹಲಿಯಿಂದ ಬಂದ ದೊಡ್ಡ ವೈದ್ಯರ ಸಭೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ಸುಂದರವಾದ ಗ್ರಾಫು, ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ "ಸುಮ್ನೆ". ಒಬ್ಬ ವೈದ್ಯರು ಕೈಯೆತ್ತಿ, ಈ ಸುಮ್ನೆ ಎನ್ನುವವರ ವಿಧಾನದ ಬಗ್ಗೆ ತಾನು ಓದಿಲ್ಲ, ಸ್ವಲ್ಪ ವಿವರಿಸಬಹುದೇ ಎಂದು ಕೇಳಿದರು. ಅನಂತಸ್ವಾಮಿ ಸರ್ ಮುಖ ಬದಲಾಯಿಸದೆ, ಅದು ದಕ್ಷಿಣದ ಕಡೆ ಬಹಳ ಬಳಕೆಯಲ್ಲಿರುವ ವಿಧಾನ ಎಂದುಬಿಟ್ಟರು. ಗೌಡ ಮೇಜಿನ ಕೆಳಗೆ ಬಿದ್ದ ಪೆನ್ನನ್ನು ಹತ್ತು ನಿಮಿಷ ಹುಡುಕಿದ.

ನಾನೂ ಕಡಿಮೆಯವಳಲ್ಲ. ಹೊರಗಿನ ಫಂಕ್ಷನ್ನಿನಲ್ಲಿ ಮೂರು ಚುಕ್ಕಿ ಇಟ್ಟರೆ, ಬಳಸುವವರು ಹೆಚ್ಚಿಗೆ ಏನು ಹೇಳಿದರೂ ಅದು ಸ್ವೀಕರಿಸುತ್ತದೆ. ಸ್ವೀಕರಿಸಿದ್ದನ್ನು ಒಳಗೆ ದಾಟಿಸುವ ಕೆಲಸ ಮಾತ್ರ ನಮ್ಮದು. ನಾನು ಚುಕ್ಕಿ ಇಟ್ಟೆ, ದಾಟಿಸುವುದನ್ನು ಮರೆತೆ. ಒಬ್ಬ ಡಾಕ್ಟರು ಒಂದು ವಾರ ಕೂತು ಬೇರೆ ಬೇರೆ ಷರತ್ತು ಕೊಟ್ಟು ಫಲಿತಾಂಶ ತೆಗೆಸಿದರು. ಏನು ಕೊಟ್ಟರೂ ಅದೇ ಉತ್ತರ. ನಾನು ಹೆದರಿ ತಪ್ಪು ಹುಡುಕುತ್ತಿರುವಾಗ ಅವರು ಫೋನ್ ಮಾಡಿ, "ಸುಧಾ ಮೇಡಂ, ಎಷ್ಟು ಗಟ್ಟಿಯಾದ ಫಲಿತಾಂಶ ಅಂತೀರಿ! ಅಲ್ಲಾಡಿಸಿದ್ರೂ ಅಲ್ಲಾಡ್ತಿಲ್ಲ!" ಎಂದು ಹಿಗ್ಗಿದರು. ಅವರಿಗೆ ನಿಜ ಹೇಳುವುದಕ್ಕೆ ನನಗೆ ಎರಡು ದಿನ ಬೇಕಾಯಿತು.

ಇವೆಲ್ಲ ನಗುವಂಥವು. ಇನ್ನು ಮುಂದಿನದು ಅಷ್ಟಾಗಿ ಅಲ್ಲ.

ಚಾಮರಾಜಪೇಟೆಯ ಒಂದು ಆಸ್ಪತ್ರೆಯಲ್ಲಿ ಕೀಲುನೋವಿಗೆ ಹೊಸ ಮಾತ್ರೆಯೊಂದರ ಪ್ರಯೋಗ ನಡೆಯುತ್ತಿತ್ತು. ನಲವತ್ತು ರೋಗಿಗಳು. ಮೊದಲು ಸಣ್ಣ ಪ್ರಮಾಣ. ಎಲ್ಲರ ರಕ್ತಪರೀಕ್ಷೆ ಮಾಡಿ, ಪಿತ್ತಜನಕಾಂಗಕ್ಕೆ ಏನೂ ಆಗಿಲ್ಲ ಎಂದು ಖಚಿತವಾದರೆ ಪ್ರಮಾಣವನ್ನು ಇಮ್ಮಡಿ ಮಾಡುವುದು. ಏರಿಸಬಹುದೇ ಎಂದು ತೀರ್ಮಾನಿಸುವುದಕ್ಕೆ ಹಿರಿಯ ವೈದ್ಯರ ಒಂದು ಸುರಕ್ಷತಾ ಸಮಿತಿ. ಸಮಿತಿಯ ಮುಂದೆ ಇಡುವ ಪಟ್ಟಿಯನ್ನು ತಯಾರಿಸುವುದು ನಾನು.

ರಕ್ತಪರೀಕ್ಷೆಯ ಫಲಿತಾಂಶವೇ ಇಲ್ಲದ ರೋಗಿಯನ್ನು ಏನು ಮಾಡಬೇಕು? ನಮ್ಮ ಒಳಗಿನ ಫಂಕ್ಷನ್ನಿನ ಹಳೆಯ ಡೀಫಾಲ್ಟು, ಅಂಥವರನ್ನು ಸದ್ದಿಲ್ಲದೆ ಕೈಬಿಟ್ಟು ಉಳಿದವರನ್ನು ಎಣಿಸು ಎಂದು ಇತ್ತು. ಇದು ಅಪಾಯ ಎಂದು ಅನಂತಸ್ವಾಮಿ ಸರ್ ಅದನ್ನು ಬದಲಾಯಿಸಿದ್ದರು. ಖಾಲಿ ಕಂಡರೆ ನಿಂತುಬಿಡು, ಯಾರ ಪರೀಕ್ಷೆ ಇಲ್ಲ ಎಂದು ಕೂಗು. ನಾನು ಅಂದೇ ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡು ಅಡಿಗೆರೆ ಎಳೆದಿದ್ದೆ. ಆದರೆ ಈ ಪ್ರಯೋಗಕ್ಕೆ ಮೂರು ವರ್ಷ ಮೊದಲು ನಾನೇ ಬರೆದ ರ‍್ಯಾಪರಿನ ಮೊದಲ ಸಾಲಿನಲ್ಲಿ, ನೋಡುವುದಕ್ಕೆ ಅಚ್ಚುಕಟ್ಟಾಗಿರಲಿ ಎಂದು, ಒಳಗಿನ ಡೀಫಾಲ್ಟುಗಳನ್ನೆಲ್ಲ ಸಾಲಾಗಿ ನಕಲು ಮಾಡಿ ಇಟ್ಟಿದ್ದೆ. 'ಕೈಬಿಡು' ಎನ್ನುವುದೂ ಅದರಲ್ಲಿ ಇತ್ತು. ಸರ್ ಒಳಗೆ ಹಾಕಿದ ಬ್ರೇಕು ನನ್ನ ಪಟ್ಟಿಗೆ ಒಮ್ಮೆಯೂ ಹಿಡಿಯಲೇ ಇಲ್ಲ. ಹೋಟೆಲಿನ ಚಿತ್ರ ನೋಡಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ನಾನು ಎಂದೆನಲ್ಲ.

ಸಮಿತಿಯ ಸಭೆ ಆಸ್ಪತ್ರೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅಧ್ಯಕ್ಷರು ವಯಸ್ಸಾದ ಡಾಕ್ಟರಮ್ಮ, ಮಿತಭಾಷಿ. ನನ್ನ ಪಟ್ಟಿ ಅಂದವಾಗಿತ್ತು. ಎಲ್ಲ ಸಾಲುಗಳೂ ಹಸಿರು, ಎಂದರೆ ಅಪಾಯವಿಲ್ಲ. "ಒಬ್ಬರಿಗೂ ಲಿವರ್ ಎನ್ಜೈಮ್ ಏರಿಲ್ಲ. ಒಳ್ಳೇದು" ಎಂದು ಅವರು ಪ್ರಮಾಣ ಏರಿಸುವ ಒಪ್ಪಿಗೆಯ ಹಾಳೆಯನ್ನು ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲು ತೆರೆದು ಸಿಸ್ಟರ್ ಗಿರಿಜಮ್ಮ ಒಳಗೆ ಬಂದರು. ರೋಗಿಗಳಿಗೆ ಫೋನ್ ಮಾಡಿ ಕರೆಸುವುದು, ರಕ್ತ ತೆಗೆಯುವುದು, ಮಾತ್ರೆ ಎಣಿಸಿ ಕೊಡುವುದು ಎಲ್ಲ ಅವರದೇ ಕೆಲಸ. ಮಾರ್ಕೆಟ್ ಹತ್ತಿರ ಬಸ್ಸು ಸಿಕ್ಕಿಹಾಕಿಕೊಂಡಿತ್ತಂತೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಪಟ್ಟಿಯ ಮೇಲೆ ಕಣ್ಣಾಡಿಸಿದರು. ನಮ್ಮ ಪಟ್ಟಿಯ ಹಸಿರು ಕೆಂಪಿನ ಅರ್ಥ ಅವರಿಗೆ ಗೊತ್ತಿಲ್ಲ. ಅವರು ನೋಡಿದ್ದು ಕೆಳಗಿನ ಮೂಲೆಯ ಒಂದು ಸಂಖ್ಯೆಯನ್ನು.

"ಮೇಡಂ," ಎಂದು ನನ್ನ ಕಿವಿಯಲ್ಲಿ ಹೇಳಿದರು, "ಇಲ್ಲಿ ಮೂವತ್ತೊಂದು ಅಂತಿದೆ. ನಾನು ನಲವತ್ತು ಜನಕ್ಕಲ್ವಾ ಫೋನ್ ಮಾಡೋದು?"

"ಬಂದೋರಷ್ಟೇ ಇರ‍್ತಾರೆ ಸಿಸ್ಟರ್" ಎಂದೆ.

"ಹಾಗಾದ್ರೆ ಬರ‍್ದೇ ಇದ್ದೋರು?"

ನಾನು ಆ ಮೂಲೆಯ ಸಂಖ್ಯೆಯನ್ನು ಮತ್ತೆ ನೋಡಿದೆ. ಫಂಕ್ಷನ್ನು ನಿಂತು ಕೂಗಬೇಕಾಗಿತ್ತಲ್ಲ ಎಂಬ ಯೋಚನೆ ಬರುತ್ತಿತ್ತು, ಪೂರ್ತಿ ಬಂದಿರಲಿಲ್ಲ. ಸಿಸ್ಟರ್ ತಮ್ಮ ಪಾಡಿಗೆ ಹೇಳಿದರು: "ಆ ಒಂಬತ್ತು ಜನಾನೂ ಬಂದಿಲ್ಲ ಯಾಕೆ ಗೊತ್ತಾ? ಒಬ್ರಿಗೆ ವಾಂತಿ, ಒಬ್ರಿಗೆ ಸುಸ್ತು. ಏಳೋಕೇ ಆಗಲ್ಲ ಅಂತಾರೆ."

ಡಾಕ್ಟರಮ್ಮನ ಪೆನ್ನು ಕಾಗದ ಮುಟ್ಟಿತ್ತು. ನಾನು ಎದ್ದುನಿಂತು, "ಸಹಿ ಮಾಡ್ಬೇಡಿ!" ಎಂದು ಕಿರುಚಿದೆ. ಕುರ್ಚಿ ಹಿಂದಕ್ಕೆ ಬಿತ್ತು. ಹಿರಿಯರ ಸಭೆಯಲ್ಲಿ ನನ್ನ ಜೀವಮಾನದಲ್ಲಿ ನಾನು ಹಾಗೆ ಕಿರುಚಿದ್ದು ಅದೊಂದೇ ಸಲ. ಆಮೇಲೆ ಏನು ಹೇಳಿದೆನೋ ನೆನಪಿಲ್ಲ. ನನ್ನ ಜೊತೆ ಸಭೆಗೆ ಬಂದಿದ್ದ ಗೌಡ ಹೇಳುವ ಪ್ರಕಾರ, "ಇದು ಹಸಿರಲ್ಲ, ಇದು ಹಸಿರಲ್ಲ" ಎಂದು ನಾಲ್ಕು ಸಲ ಹೇಳಿದೆನಂತೆ.

ನಿವೃತ್ತಿಯಾದ ಮೇಲೆ ಮನಸ್ಸಿಗೆ ಬೇರೆ ಕೆಲಸವಿಲ್ಲ. ಹಲ್ಲುಜ್ಜುವಾಗ, ಸೊಪ್ಪು ಬಿಡಿಸುವಾಗ ನಾನು ಆ ಸಭೆಯನ್ನು ಮತ್ತೆ ನಡೆಸುತ್ತೇನೆ. ಸಿಸ್ಟರ್‌ನ ಬಸ್ಸನ್ನು ಮಾರ್ಕೆಟ್ ಹತ್ತಿರ ಇನ್ನೂ ಐದು ನಿಮಿಷ ನಿಲ್ಲಿಸುತ್ತೇನೆ. ಡಾಕ್ಟರಮ್ಮ ಸಹಿ ಮಾಡುತ್ತಾರೆ, ಎಲ್ಲರೂ ಬಿಸ್ಕತ್ತು ತಿನ್ನುತ್ತಾರೆ, ನಾನೂ ತಿನ್ನುತ್ತೇನೆ. ಒಮ್ಮೊಮ್ಮೆ ಸಿಸ್ಟರನ್ನು ಮೆಟ್ರೋದಲ್ಲಿ ಕೂರಿಸಿ ಬೇಗ ಕರೆತಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಕಚೇರಿಗೆ ಮರಳಿದ ಮೇಲೆ ಅನಂತಸ್ವಾಮಿ ಸರ್ ನನ್ನ ರ‍್ಯಾಪರನ್ನು ಮುದ್ರಿಸಿ ತರಿಸಿದರು. ಮೊದಲ ಸಾಲಿನಲ್ಲೇ ಕೆಂಪು ಪೆನ್ನು ನಿಂತಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದನ್ನ ನಾನೂ ಮೂರು ವರ್ಷದ ಹಿಂದೆ ಓದಿ ಟಿಕ್ ಹಾಕಿದೀನಿ ಕಣಮ್ಮಾ" ಎಂದು ಹಳೆಯ ಹಾಳೆ ತೆಗೆದು ತೋರಿಸಿದರು. ಅವತ್ತಿಗೆ ಒಳಗಿನದೂ ಹೊರಗಿನದೂ ಒಂದೇ ಆಗಿದ್ದರಿಂದ ಯಾರ ಕಣ್ಣಿಗೂ ತಪ್ಪು ಕಾಣುವಂತಿರಲಿಲ್ಲ.

"ಬಿಡಿ ಮೇಡಂ, ನನ್ನ 'ಸುಮ್ನೆ'ಗಿಂತ ಏನು ಜಾಸ್ತಿ ಅಲ್ಲ" ಎಂದು ಗೌಡ ಸಮಾಧಾನ ಹೇಳಲು ನೋಡಿದ. ಆಮೇಲೆ ನನ್ನ ಮುಖ ನೋಡಿ ತನ್ನ ಕಂಪ್ಯೂಟರಿನ ಕಡೆ ತಿರುಗಿದ. ಅವತ್ತು ಸಂಜೆಯೊಳಗೆ ಅವನೇ ಕೂತು ನಮ್ಮ ರ‍್ಯಾಪರುಗಳನ್ನೆಲ್ಲ ಜಾಲಾಡಿ, ಅಂಥ ನಕಲು ಸಾಲುಗಳನ್ನು ಕಿತ್ತುಹಾಕಿದ. ಹೊಸಬರಿಗೆ ಹೇಳುವುದು ಇಷ್ಟೇ: ಒಳಗಿನದು ತೀರ್ಮಾನಿಸಬೇಕಾದದ್ದನ್ನು ಹೊರಗೆ ನಕಲು ಮಾಡಬೇಡಿ; ಬಂದದ್ದನ್ನು ಬಂದ ಹಾಗೆ ಒಳಗೆ ದಾಟಿಸಿ. ಯಾರೂ ಏನೂ ಹೇಳದಿದ್ದರೆ, ಹೇಳಿಲ್ಲ ಎನ್ನುವುದನ್ನೇ ದಾಟಿಸಿ. ಜೀವದ ಪ್ರಶ್ನೆ ಇರುವ ಕಡೆಯಂತೂ ಡೀಫಾಲ್ಟೇ ಬೇಡ; ಬಳಸುವವರು ಬಾಯಿಬಿಟ್ಟು ಹೇಳುವ ತನಕ ಪ್ರೋಗ್ರಾಂ ಮುಷ್ಕರ ಹೂಡಲಿ.

ಬಾರದ ಒಂಬತ್ತು ಜನರ ಮನೆಗೇ ಹೋಗಿ ನೋಡಬೇಕು ಎಂದು ಸಮಿತಿ ಹೇಳಿತು. ಸಂಖ್ಯಾಶಾಸ್ತ್ರದವರು ರೋಗಿಗಳನ್ನು ನೋಡುವ ಪದ್ಧತಿ ಇಲ್ಲ. ಆದರೆ ಸಿಸ್ಟರ್ ಗಿರಿಜಮ್ಮ, "ಬನ್ನಿ ಮೇಡಂ, ನೀವು ಕೈಬಿಟ್ಟೋರು ಹೇಗಿದಾರೆ ಅಂತ ಒಂದ್ಸಲ ನೋಡ್ಬಿಡಿ" ಎಂದರು. ಡಾಕ್ಟರಮ್ಮನೂ ಬೇಡವೆನ್ನಲಿಲ್ಲ. ಅವರು ನನ್ನನ್ನು ನೋಡಿದ ರೀತಿ, ಇವಳಿಗೆ ಇದು ಔಷಧಿ ಎನ್ನುವಂತಿತ್ತು.

ಮರುದಿನ ಮೊದಲ ಮನೆ ಮಾವಳ್ಳಿಯಲ್ಲಿ. ಜಯಮ್ಮ, ನಮ್ಮ ಪಟ್ಟಿಯಲ್ಲಿ ಹದಿನೇಳನೆಯವರು. ಸೀರೆಗಳಿಗೆ ಫಾಲ್ಸ್ ಹೊಲಿಯುವವರು. ಒಂದೇ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು. ಅದರ ಮೇಲೆ ಬಟ್ಟೆ ಹೊದಿಸಿತ್ತು. ಹಲವು ದಿನಗಳಿಂದ ತುಳಿದಿರಲಿಲ್ಲ. ಸಿಸ್ಟರನ್ನು ನೋಡಿದ ಕೂಡಲೇ ಚಾಪೆಯಿಂದ ಏಳಲು ನೋಡಿದರು.

"ಬೈಯೋಕೆ ಬಂದ್ರಾ ಸಿಸ್ಟರಮ್ಮ? ಬರ‍್ಬೇಕು ಅಂತಲೇ ಇದ್ದೆ. ಬಸ್ಸಿನ ಮೆಟ್ಲು ಹತ್ತೋಕಾಗ್ಲಿಲ್ಲ. ಈ ಮೇಡಂ ಯಾರು, ದೊಡ್ಡ ಡಾಕ್ಟ್ರಾ?"

"ಅಲ್ಲ, ಲೆಕ್ಕ ಬರೆಯೋರು" ಎಂದರು ಸಿಸ್ಟರ್.

ಜಯಮ್ಮನಿಗೆ ಧೈರ್ಯ ಬಂತು. ದನಿ ತಗ್ಗಿಸಿ ನನಗೆ ಹೇಳಿದರು: "ಹಾಗಾದ್ರೆ ಒಂದು ಉಪಕಾರ ಮಾಡಿ ಮೇಡಂ. ಬಂದಿದ್ದೆ ಅಂತ ಬರ್ಕೊಂಡ್ಬಿಡಿ. ನಾರ್ಮಲ್ ಅಂತ ಹಾಕಿ. ಹೋದ್ಸಲ ನಾರ್ಮಲ್ಲೇ ಇತ್ತಲ್ಲ? ಡಾಕ್ಟ್ರು ಬೇಜಾರು ಮಾಡ್ಕೊಂಡು ನನ್ನ ತೆಗೆದುಹಾಕ್ಬಿಟ್ರೆ ಮಾತ್ರೆ ನಿಂತೋಗತ್ತೆ."

ಸಿಸ್ಟರ್ ತಂದಿದ್ದ ಆಸ್ಪತ್ರೆಯ ಹಾಜರಿ ನಮೂನೆಯನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅದರಲ್ಲಿ ಬಂದರು, ಬಂದಿಲ್ಲ ಎಂಬ ಎರಡು ಚೌಕ ಇದ್ದವು. ಯಾಕೆ ಬಂದಿಲ್ಲ ಎಂದು ಬರೆಯಲು ಜಾಗವೇ ಇರಲಿಲ್ಲ. ನಾನು ಸಿಸ್ಟರ್ ಕೈಯಿಂದ ಹಾಳೆ ಇಸಿದುಕೊಂಡು, ಹೊಲಿಗೆ ಮಿಷನ್ನಿನ ಮೇಲಿದ್ದ ಮರದ ಅಳತೆಪಟ್ಟಿ ಇಟ್ಟು ಇನ್ನೊಂದು ಅಂಕಣದ ಗೆರೆ ಎಳೆದೆ.

"ಹಾಗೆ ಬರೆಯಲ್ಲ ಜಯಮ್ಮಾ. ಯಾಕೆ ಬರೋಕಾಗ್ಲಿಲ್ಲ, ಅದನ್ನ ಹೇಳಿ."

"ಅದೇನು ಬರ‍್ಯೋದು, ಬರೀ ಸುಸ್ತು" ಎಂದು ಶುರು ಮಾಡಿದವರು ಆಮೇಲೆ ನಿಲ್ಲಿಸಲಿಲ್ಲ. ಊಟ ಸೇರುವುದಿಲ್ಲ. ಸಾರಿನ ವಾಸನೆಗೇ ವಾಂತಿ. ಮೈ ಕಡಿತ. ಅಂಕಣ ತುಂಬಿತು, ಅಂಚಿನಲ್ಲಿ ಬರೆದೆ, ಹಾಳೆ ತಿರುಗಿಸಿದೆ. "ಸಾಕು ಮೇಡಂ, ಇನ್ನೂ ಎಂಟು ಮನೆ ಇದೆ" ಎಂದರು ಸಿಸ್ಟರ್.

"ಪಕ್ಕದ್ಮನೆ ಫಾತಿಮಾ ಅಂತೂ, ಕಣ್ಣಲ್ಲಿ ಅರಿಸಿನ ಹಾಕ್ಕೊಂಡಿದೀಯಾ ಅಂತ ನಗ್ತಾಳೆ" ಎಂದರು ಜಯಮ್ಮ, ತಾವೂ ನಗುತ್ತ.

ಸಿಸ್ಟರ್ ನಗಲಿಲ್ಲ. ಜಯಮ್ಮನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. "ಇವತ್ತಿನ ಮಾತ್ರೆ ತಗೊಂಡ್ರಾ?"

"ಊಟ ಆದ್ಮೇಲೆ ತಗೋಬೇಕು."

"ತಗೋಬೇಡಿ. ಎಲ್ಲಿದೆ ಕೊಡಿ ಇಲ್ಲಿ. ಮೇಡಂ, ಒಂದು ಆಟೋ ಹಿಡೀರಿ."

ನಾನು ಬೀದಿಗೆ ಓಡಿದೆ. ಮೀಟರಿನ ಮಾತೆತ್ತದೆ ಹತ್ತಿಸಿಕೊಂಡ ಆ ಆಟೋದವನಿಗೆ ಇಂದಿಗೂ ಋಣಿ.

ರಕ್ತದ ಫಲಿತಾಂಶ ಬಂದಾಗ ಡಾಕ್ಟರಮ್ಮ ಹಾಳೆಯನ್ನು ಎರಡು ಸಲ ಓದಿ, "ಇದರ ಮೇಲೆ ಡಬಲ್ ಡೋಸ್ ಕೊಟ್ಟಿದ್ರೆ..." ಎಂದು ಅದನ್ನು ನನ್ನ ಕೈಗಿತ್ತರು. ಉಳಿದ ಎಂಟು ಜನರಲ್ಲಿ ಇಬ್ಬರಿಗೆ ಪಿತ್ತಜನಕಾಂಗದ ಅದೇ ತೊಂದರೆ, ಆದರೆ ಇಷ್ಟು ಜೋರಾಗಿ ಅಲ್ಲ. ಎಲ್ಲರಿಗೂ ಮಾತ್ರೆ ನಿಲ್ಲಿಸಿದರು. ಜಯಮ್ಮ ಆಸ್ಪತ್ರೆಯಲ್ಲಿ ಮಲಗಿದರು, ಗಂಜಿ ಚೆನ್ನಾಗಿಲ್ಲ ಎಂದು ಜಗಳವಾಡಿದರು, ಜಗಳ ಜೋರಾದಂತೆ ಕಣ್ಣು ಬಿಳಿಯಾಯಿತು. ಮನೆಗೆ ಹೋಗಿ ಮತ್ತೆ ಮಿಷನ್ ತುಳಿದರು.

ಪ್ರಯೋಗ ಮುಗಿದ ಮೇಲೆ ಅಂತಿಮ ವರದಿ ನಾನೇ ಬರೆದೆ. ಬಾರದ ಒಂಬತ್ತು ಜನರ ಆ ದಿನದ ರಕ್ತಪರೀಕ್ಷೆಯ ಜಾಗ, ಜಯಮ್ಮನದೂ ಸೇರಿ, ಖಾಲಿಯೇ ಇತ್ತು; ಆಮೇಲೆ ಮಾಡಿದ ಪರೀಕ್ಷೆಯದು ಬೇರೆ ಅಂಕಣ. ಅದನ್ನು ನಾನು ತುಂಬಲಿಲ್ಲ, ತುಂಬಲು ಯಾರಿಗೂ ಬಿಡಲಿಲ್ಲ. ಹಾಗಾಗಿ ಪ್ರೋಗ್ರಾಂ ಓಡಿಸಿದಾಗಲೆಲ್ಲ ಅದು ಆ ಪ್ರತಿ ಸಾಲಿನಲ್ಲೂ ನಿಲ್ಲುತ್ತಿತ್ತು; ಜಯಮ್ಮನ ಸಾಲಿಗೆ ಬಂದಾಗ, ಹದಿನೇಳನೆಯವರ ಪರೀಕ್ಷೆ ಇಲ್ಲ, ಏನು ಮಾಡಲಿ ಎಂದು ಕೇಳುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಓಡಿಸಿದರೆ ಇಪ್ಪತ್ತು ಸಲ.

"ಮೇಡಂ, ಒಂದು ಡೀಫಾಲ್ಟ್ ಹಾಕ್ಬಿಡಿ, ತಲೆ ತಿನ್ತಿದೆ ಇದು" ಎಂದು ಗೌಡ ಗೊಣಗುತ್ತಿದ್ದ.

ನಾನು ಪ್ರತಿ ಸಲವೂ ಕೂತು, 'ಬರಲಾಗದಷ್ಟು ಕಾಯಿಲೆ; ಕೈಬಿಡಬೇಡ' ಎಂಬ ಉತ್ತರವನ್ನು ಕೈಯಿಂದಲೇ ಟೈಪ್ ಮಾಡಿದೆ.